ಮುಕ್ಕಾಲು ಕ್ಲಚ್

ಹೊಸ ಗೇರ್‌ಬಾಕ್ಸ್ ಕೂರಿಸಿದ ಲಾರಿ ಗ್ಯಾರೇಜಿನ ಗೇಟು ದಾಟುವ ಮೊದಲೇ ಉಸಿರು ನಿಲ್ಲಿಸಿದರೆ, ಅದನ್ನು ನಾಲ್ಕು ಜನ ನೋಡಲಿ ಎಂದು ಯಾವ ಮೇಸ್ತ್ರಿಯೂ ಬಯಸುವುದಿಲ್ಲ. ಆ ಬೆಳಿಗ್ಗೆ ಮಾತ್ರ ನೋಡದವರೇ ಇರಲಿಲ್ಲ. ಎದುರಿನ ಟೀ ಅಂಗಡಿಯಲ್ಲಿ ಲೋಟ ಹಿಡಿದು ನಿಂತವರು ನೋಡಿದರು, ಪಕ್ಕದ ಟೈರ್ ಅಂಗಡಿಯವನು ನೋಡಿದ, ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ನೋಡಿದರು. ಎಲ್ಲರಿಗಿಂತ ಮೊದಲು ನೋಡಿದವಳು ಬಿಡಿಭಾಗದ ಕೌಂಟರಿನ ಹಿಂದೆ ಕುಳಿತಿದ್ದ ಮೇಸ್ತ್ರಿಯ ಹೆಂಡತಿ. ಲಾರಿ ಗೇಟಿನ ಹತ್ತಿರ ನಿಧಾನವಾಯಿತು, ನಿಂತಿತು, ಒಮ್ಮೆ ಮೈ ಕೊಡವಿ ತೆಪ್ಪಗಾಯಿತು.

ಡ್ರೈವರ್ ಸೀಟಿನಿಂದ ಪುಟ್ಟಿ ತಲೆ ಹೊರಗೆ ಹಾಕಿದಳು. "ಅಣ್ಣಾ, ಗೇರ್‌ಬಾಕ್ಸ್ ಹಾಕ್ದೆ, ಸರಿ. ಇಂಜಿನ್ ಬಿಚ್ಚಿ ಮನೇಲಿ ಇಟ್ಕೊಂಡ್ಯಾ?"

ಟೀ ಅಂಗಡಿಯ ಕಡೆಯಿಂದ ನಗು ಕೇಳಿಸಿತು. ಮೇಸ್ತ್ರಿ ಅದಕ್ಕೆ ಸೊಪ್ಪು ಹಾಕಲಿಲ್ಲ, ಹಾಕಿಲ್ಲ ಎಂದು ತೋರಿಸಿಕೊಳ್ಳಲು ಬಹಳ ಕಷ್ಟಪಟ್ಟ.

ಪುಟ್ಟಿ ಎಂದರೆ ಅವನ ಒಡಹುಟ್ಟಿದ ತಂಗಿ. ವಯಸ್ಸು ಮೂವತ್ತೇಳು, ಮಗಳು ಆಗಲೇ ಅವಳಿಗಿಂತ ಒಂದು ಗೇಣು ಎತ್ತರ. ಆದರೂ ತೊಟ್ಟಿಲಲ್ಲಿ ಅಂಟಿಕೊಂಡ ಹೆಸರು ಇಳಿಯಲಿಲ್ಲ. ಗಾಜಿನ ಕಾರ್ಖಾನೆಯಲ್ಲೂ ಅವಳು ಪುಟ್ಟಿಯೇ. ಅಲ್ಲಿನ ಮ್ಯಾನೇಜರ್ ಬಲು ಮರ್ಯಾದಸ್ಥ, "ಪುಟ್ಟಿಯವರೇ" ಎಂದು ಕರೆಯುತ್ತಾರೆ. ಹನ್ನೊಂದು ವರ್ಷದಿಂದ ಅವಳು ಆ ಕಾರ್ಖಾನೆಯ ಗಾಜು ಸಾಗಿಸುತ್ತಿದ್ದಾಳೆ. ಹನ್ನೊಂದು ವರ್ಷದಲ್ಲಿ ಒಂದು ಗಾಜಿನ ಮೂಲೆ ಕೂಡ ಚಕ್ಕೆ ಎದ್ದಿಲ್ಲ. ಅವಳ ಲಾರಿಯಲ್ಲಿ ತುಂಬಿದ ಲೋಟದ ನೀರೂ ತುಳುಕುವುದಿಲ್ಲ ಎಂದು ಲೋಡಿಂಗ್‌ನವರು ಹೇಳುತ್ತಾರೆ. ಇದು ಸ್ವಲ್ಪ ಅತಿಯಾಯಿತು, ಆದರೆ ಸ್ವಲ್ಪವೇ.

ನಾಳೆಯ ಲೋಡು ಬೇರೆ ಸಾಮಾನ್ಯದ್ದಲ್ಲ. ಊರಾಚೆ ಹೊಸದಾಗಿ ಕಟ್ಟಿದ ರೈಲು ನಿಲ್ದಾಣದ ಮುಂಭಾಗಕ್ಕೆ ಆರು ಗಾಜು. ಒಂದೊಂದೂ ಇಬ್ಬರು ಆಳುಗಳಷ್ಟು ಎತ್ತರ. ಒಂದು ಒಡೆದರೆ ಇನ್ನೊಂದು ಬರಲು ನಾಲ್ಕು ತಿಂಗಳು. ಆ ಲೋಡು ತನಗೇ ಬರಬೇಕೆಂದು ಪುಟ್ಟಿ ಬೇಸಿಗೆಯಿಂದ ಕಣ್ಣಿಟ್ಟು ಕಾದಿದ್ದಳು. ಎರಡು ಭಾನುವಾರ ದಾರಿಯುದ್ದಕ್ಕೂ ನಡೆದು, ಎಲ್ಲಿ ವೈರು ಜೋತುಬಿದ್ದಿದೆ, ಎಲ್ಲಿ ಹಂಪು ಎಷ್ಟು ಎತ್ತರ ಎಂದು ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಅಂಥ ಲೋಡು ಹೊತ್ತ ಲಾರಿ ಸಿಗ್ನಲ್ಲಿನಲ್ಲಿ ಹೀಗೆ ಮೈ ಕೊಡವಿ ನಿಂತರೆ ಏನಾಗುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಗೇರ್ ಬದಲಾಯಿಸುವಾಗ ಒಂದು ಸಲ ಮುಗ್ಗರಿಸತ್ತೆ, ಆದ್ರೆ ಓಡತ್ತೆ," ಎಂದಳು ಪುಟ್ಟಿ, ಕೆಳಗಿಳಿಯುತ್ತ. "ನಿಲ್ಸೋಕೆ ಹೋದ್ರೆ ಪೂರ್ತಿ ಆಫ್. ಕೀ ತಿರುಗಿಸಿದ್ರೆ ಮತ್ತೆ ಸ್ಟಾರ್ಟ್ ಆಗತ್ತೆ, ಏನೂ ಆಗೇ ಇಲ್ಲ ಅನ್ನೋ ಹಾಗೆ."

ಮೇಸ್ತ್ರಿ ಕೈತೊಳೆದುಕೊಂಡು ಲಾರಿಯ ಬೆನ್ನು ಹತ್ತಿದ. ಗೇರ್‌ಬಾಕ್ಸ್ ಇಳಿಸುವಾಗ ಏನೇನು ಬಿಚ್ಚಿದ್ದನೋ ಅದನ್ನೆಲ್ಲ ಬೆರಳು ಮಡಿಸಿ ಎಣಿಸುತ್ತ ಒಂದೊಂದಾಗಿ ಮುಟ್ಟಿ ನೋಡಿದ. ಬ್ಯಾಟರಿಯಿಂದ ಬರುವ ಅರ್ತ್ ವೈರು ಬಿಗಿಯಾಗಿತ್ತು, ತಿಕ್ಕಿ ಹೊಳಪು ಬರಿಸಿದ್ದು ಅವನೇ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿರಲಿಲ್ಲ. ಫಿಲ್ಟರ್ ಹೊಸದು. ಲಾರಿಯನ್ನು ಸ್ಟಾರ್ಟ್ ಮಾಡಿ ಅಂಗಳದಲ್ಲಿ ಬಿಟ್ಟರೆ ಒಂದು ಗಂಟೆ ನಿಶ್ಚಿಂತೆಯಿಂದ ಗುಡುಗುಡು ಎನ್ನುತ್ತಿತ್ತು. ಪುಟ್ಟಿ ಹತ್ತಿ ಹತ್ತು ಮಾರು ಓಡಿಸಿ ನಿಲ್ಲಿಸಿದರೆ ಗಪ್‌ಚಿಪ್.

ಕೊನೆಗೆ ಮೇಸ್ತ್ರಿ ತಾನೇ ಹತ್ತಿದ. ರಸ್ತೆಯ ಕೊನೆಯವರೆಗೆ ಹೋಗಿ, ನಿಲ್ಲಿಸಿ, ಹಿಂದೆ ತಿರುಗಿಸಿ, ಮತ್ತೆ ನಿಲ್ಲಿಸಿ ಬಂದ. ಒಂದು ಸಲವಾದರೂ ಆಫ್ ಆಗಬೇಕಲ್ಲ, ಇಲ್ಲ. ಬೆನ್ನು ನೆಟ್ಟಗಾಯಿತು ಅವನಿಗೆ. ಇಳಿಯುತ್ತ, ಟೀ ಅಂಗಡಿಯವರೆಗೂ ಕೇಳಿಸುವ ಹಾಗೆ ಹೇಳಿದ. "ಗಾಡಿ ಸರಿಯಾಗೇ ಇದೆ ಕಣೇ. ನಿನ್ನ ಕಾಲಲ್ಲೇ ಏನೋ ಇರ್ಬೇಕು."

ತಮಾಷೆಗೆ ಆಡಿದ ಮಾತು. ಅಣ್ಣ ತಂಗಿಯ ನಡುವೆ ದಿನಕ್ಕೆ ಇಂಥವು ಇಪ್ಪತ್ತು ಓಡಾಡುತ್ತವೆ. ಆದರೆ ಗೇಟಿನಲ್ಲಿ ಆಗ ತಾನೇ ಸ್ಕೂಟರ್ ನಿಲ್ಲಿಸುತ್ತಿದ್ದ ಮ್ಯಾನೇಜರ್ ಕಿವಿಗೆ ಅದು ಬಿತ್ತು. ಅವರು ತಮಾಷೆಯ ಮನುಷ್ಯರಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಮೇಸ್ತ್ರಿಯ ಎಡ ಮೊಣಕಾಲು ಒಂದು ವರ್ಷದಿಂದ ಕೆಟ್ಟು ಕೂತಿತ್ತು. ಪೂರ್ತಿ ಮಡಚಲು ಬಾರದು, ಭಾರ ಹಾಕಿ ಪೂರ್ತಿ ಚಾಚಲೂ ಬಾರದು. ಒಂದು ಹಂತಕ್ಕೆ ಬಂದು ಕಟಕ್ಕೆಂದು ಹಿಡಿದುಕೊಳ್ಳುತ್ತದೆ. ಆಗ ಕಣ್ಣಲ್ಲಿ ನೀರು ಬರುತ್ತದೆ. ಈ ವಿಷಯ ಅವನು ಯಾರಿಗೂ ಹೇಳಿರಲಿಲ್ಲ. ಮಂಚದಿಂದ ಏಳಲು ತಡವರಿಸಿದ್ದನ್ನು ಹೆಂಡತಿ ಕಂಡು ಕೇಳಿದಾಗ "ಸೊಂಟ" ಎಂದಿದ್ದ. ಅವಳು ಸೊಂಟಕ್ಕೆ ಎಣ್ಣೆ ಹಚ್ಚಿದ್ದೂ ಹಚ್ಚಿದ್ದೇ. ನಿಜ ಹೇಳಿದರೆ ಮರುದಿನವೇ ಲಾರಿಗಳಿಗೆ ಗೇಟು ಮುಚ್ಚಿ ಬರೀ ಸ್ಕೂಟರ್ ರಿಪೇರಿ ಎಂದು ಬೋರ್ಡು ಬರೆಸುತ್ತಾಳೆಂದು ಅವನಿಗೆ ಗೊತ್ತಿತ್ತು. ಇನ್ನು ಗಿರಾಕಿಗಳು. ಲಾರಿ ಓಡಿಸಿ ನೋಡಲಾಗದ ಲಾರಿ ಮೇಸ್ತ್ರಿಯ ಹತ್ತಿರ ಯಾರು ಬರುತ್ತಾರೆ? ಮೂವತ್ತು ವರ್ಷ ಲಾರಿಯ ಹೊಟ್ಟೆಯೊಳಗೇ ಕಳೆದವನಿಗೆ ಸ್ಕೂಟರಿನ ಮುಂದೆ ಕೂರುವುದೆಂದರೆ ಬದುಕಿದ್ದೂ ಸತ್ತ ಹಾಗೆ. ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡಿದ್ದ.

"ಏನಂದ್ರಿ ಮೇಸ್ತ್ರಿ? ಕಾಲು ಅಂದ್ರಾ?" ಮ್ಯಾನೇಜರ್ ಹೆಲ್ಮೆಟ್ ಕೈಯಲ್ಲಿ ಹಿಡಿದು ಹತ್ತಿರ ಬಂದರು.

"ಸುಮ್ನೆ ಅಂದೆ ಸಾರ್."

"ಸುಮ್ನೆ ಅನ್ನೋ ಮಾತಲ್ಲ ಇದು. ನಾಳೆ ಏನು ಲೋಡು ಅಂತ ಗೊತ್ತಲ್ಲ ನಿಮಗೆ? ನಡೀರಿ, ನೋಡೇಬಿಡೋಣ."

ಮೂವರೂ ಕ್ಯಾಬಿನ್ ಹತ್ತಿದರು. ಮೊದಲು ಪುಟ್ಟಿ ಓಡಿಸಿದಳು. ಟೈರ್ ಅಂಗಡಿಯ ಮುಂದೆ ಒಂದು ಸಲ, ಶಾಲೆಯ ಗೇಟಿನಲ್ಲಿ ಒಂದು ಸಲ, ಸಿಗ್ನಲ್ಲಿನಲ್ಲಿ ಒಂದು ಸಲ ಇಂಜಿನ್ ಆಫ್ ಆಯಿತು. ಮೂರನೆಯ ಸಲ ಹಿಂದಿನ ಕಾರಿನವನು ಕಿಟಕಿ ಇಳಿಸಿ ಏನೋ ಅಂದ. ಅದಕ್ಕೆ ಪುಟ್ಟಿ ಕೊಟ್ಟ ಉತ್ತರ ಕೇಳಿ ಮ್ಯಾನೇಜರ್ ಹೊರಗೆ ನೋಡತೊಡಗಿದರು. ಆಮೇಲೆ ಅವಳು ನಡುವಿನ ಸೀಟಿಗೆ ಸರಿದಳು, ಮೇಸ್ತ್ರಿ ಸ್ಟೀರಿಂಗ್ ಹಿಡಿದ. ಅದೇ ಸಿಗ್ನಲ್, ಅದೇ ಶಾಲೆ, ಅದೇ ಟೈರ್ ಅಂಗಡಿ. ಲಾರಿ ಒಂದು ಸಲವೂ ನಿಲ್ಲಲಿಲ್ಲ. ಆಫ್ ಆಗಲಿ, ಆಫ್ ಆಗಲಿ ಎಂದು ಮೇಸ್ತ್ರಿ ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ಅಷ್ಟು ಚೆನ್ನಾಗಿ ಅದು ಯಾವತ್ತೂ ಓಡಿರಲಿಲ್ಲ.

"ಪುಟ್ಟಿಯವರೇ, ತಪ್ಪು ತಿಳ್ಕೋಬೇಡಿ," ಎಂದರು ಮ್ಯಾನೇಜರ್ ಗ್ಯಾರೇಜಿನಲ್ಲಿ ಇಳಿಯುತ್ತ. "ಗಾಡಿ ಸರಿ ಇದೆ, ನಾನೇ ಕಣ್ಣಾರೆ ನೋಡ್ದೆ. ನಾಳೆ ಒಂದು ದಿನ ಮೀಸೆಯವನು ಓಡಿಸ್ಲಿ. ಆಮೇಲೆ ನಿಮ್ಮ ವಿಷಯ ನಿಧಾನಕ್ಕೆ ಮಾತಾಡೋಣ."

ಮೀಸೆಯವನು ಕಾರ್ಖಾನೆಯ ಇನ್ನೊಬ್ಬ ಡ್ರೈವರ್. ಒಳ್ಳೆಯವನೇ, ಆದರೆ ಅವನ ಲಾರಿ ಬಂತೆಂದರೆ ಕಾರ್ಖಾನೆಯವರು ಪೊರಕೆ ಸಿದ್ಧ ಇಟ್ಟುಕೊಳ್ಳುತ್ತಾರೆ.

ಪುಟ್ಟಿ ಮಾತಾಡಲಿಲ್ಲ. ಮಾತಿನಲ್ಲಿ ಯಾರಿಗೂ ಸೋಲದವಳು, ಈಗಷ್ಟೇ ಕಾರಿನವನ ಬೆವರಿಳಿಸಿದವಳು, ತುಟಿ ಪಿಟಕ್ಕೆನ್ನದೆ ನಿಂತಳು. ಅಣ್ಣನ ಮುಖ ಒಮ್ಮೆ ನೋಡಿದಳು. ಆಮೇಲೆ ಲಾರಿಯಿಂದ ಕೀ ತೆಗೆದು ಕೌಂಟರಿನ ಮೇಲಿಟ್ಟು, "ಬರ್ತೀನಿ ಅತ್ತಿಗೆ," ಎಂದು ಹೊರಟುಹೋದಳು. ಅವಳು ಬೈದಿದ್ದರೆ ಮೇಸ್ತ್ರಿಗೆ ಹಾಯೆನಿಸುತ್ತಿತ್ತು.

"ಅವಳಿಗೆ ಡ್ರೈವಿಂಗ್ ಕಲಿಸಿದ್ದು ಯಾರಂತೆ?" ಹೆಂಡತಿ ಬೋಲ್ಟು ಎಣಿಸುತ್ತ, ತಲೆ ಎತ್ತದೆ ಕೇಳಿದಳು.

ಕಲಿಸಿದ್ದು ಅವನೇ. ಇಟ್ಟಿಗೆ ಗೂಡಿನ ಹಿಂದಿನ ಬಯಲಿನಲ್ಲಿ, ಬಾಗಿಲಿಲ್ಲದ ಒಂದು ಹಳೇ ಲಾರಿಯಲ್ಲಿ. "ನೆಲ ಮುಟ್ತಾ? ಮುಟ್ಟಿಲ್ಲ. ಇನ್ನೊಂದ್ಸಲ ಒತ್ತು," ಎಂದು ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದ. ಅರ್ಧ ಒತ್ತಿದ ಕ್ಲಚ್ ಎಂದರೆ ಅವನಿಗೆ ಮೈಯೆಲ್ಲ ಉರಿ. ಆ ಬಯಲಿನಿಂದ ಈವತ್ತಿನವರೆಗೆ ಪುಟ್ಟಿಯ ಪಾದ ನೆಲ ಮುಟ್ಟದೆ ವಾಪಸ್ಸು ಬಂದಿಲ್ಲ.

ಮಧ್ಯಾಹ್ನವೆಲ್ಲ ಮೇಸ್ತ್ರಿ ಬೇರೆ ಕೆಲಸ ಮಾಡುವ ನಾಟಕವಾಡಿದ. ಬಿಸಿಲು ಇಳಿದು, ಹೆಂಡತಿ ಮನೆಗೆ ಹೋದ ಮೇಲೆ, ಮತ್ತೆ ಹೋಗಿ ಲಾರಿಯ ಮುಂದೆ ನಿಂತ. ಒಂದೇ ಗಾಡಿ, ಒಂದೇ ರಸ್ತೆ. ಅವಳು ಓಡಿಸಿದರೆ ನಿಲ್ಲುತ್ತದೆ, ತಾನು ಓಡಿಸಿದರೆ ಇಲ್ಲ. ಹಾಗಾದರೆ ಅವಳು ಮಾಡುವುದು ಏನು, ತಾನು ಮಾಡದೆ ಇರುವುದು ಏನು? ಸೀಟು ಹತ್ತಿ ಕುಳಿತ. ಬಲಗಾಲು ಬ್ರೇಕಿನ ಮೇಲೆ, ಸರಿ. ಎಡಗಾಲು ಕ್ಲಚ್ ಮೇಲೆ. ಒತ್ತಿದ. ಮುಕ್ಕಾಲು ದಾರಿಗೆ ಮೊಣಕಾಲು ಕಟಕ್ಕೆಂದಿತು, ಪಾದ ಅಲ್ಲೇ ನಿಂತಿತು.

ಒಂದು ವರ್ಷದಿಂದ ಅವನ ಪಾದ ನೆಲ ಮುಟ್ಟಿರಲಿಲ್ಲ. ಮುಕ್ಕಾಲಿಗೇ ಗೇರು ಬೀಳುತ್ತದೆ, ಗಾಡಿ ಓಡುತ್ತದೆ. ಹಾಗಾಗಿ ಅವನು ಅದನ್ನು ತನಗೆ ತಾನೇ ಹೇಳಿಕೊಂಡಿರಲಿಲ್ಲ.

ಕೆಳಗಿಳಿದು ಜಾಕಿನ ಉದ್ದ ಹಿಡಿ ತಂದ. ಇಂಜಿನ್ ಸ್ಟಾರ್ಟ್ ಮಾಡಿ, ಬಾಗಿಲಲ್ಲಿ ನಿಂತು, ಆ ಹಿಡಿಯಿಂದ ಕ್ಲಚ್ಚನ್ನು ನಿಧಾನವಾಗಿ ಒತ್ತಿದ. ಅರ್ಧಕ್ಕೆ ಏನೂ ಆಗಲಿಲ್ಲ. ಮುಕ್ಕಾಲಿಗೂ ಆಗಲಿಲ್ಲ. ನೆಲ ಮುಟ್ಟಿದ ಕೂಡಲೇ ಇಂಜಿನ್ ಮೈ ಕೊಡವಿ ಆಫ್ ಆಯಿತು.

ಟಾರ್ಚ್ ಹಿಡಿದು ಬೆನ್ನ ಮೇಲೆ ಕೆಳಗೆ ಜಾರಿದವನಿಗೆ ಎರಡೇ ನಿಮಿಷದಲ್ಲಿ ಎಲ್ಲ ಕಂಡಿತು. ಕ್ಲಚ್ ಒತ್ತಿದರೆ ಗೇರ್‌ಬಾಕ್ಸಿನ ಪಕ್ಕದಿಂದ ಹೊರಬಂದ ಒಂದು ಕಬ್ಬಿಣದ ತೋಳು ಹಿಂದಕ್ಕೆ ಸರಿಯುತ್ತದೆ. ಪೂರ್ತಿ ಒತ್ತಿದರೆ ಪೂರ್ತಿ ಸರಿಯುತ್ತದೆ. ಪೂರ್ತಿ ಸರಿದಾಗ ಅದರ ತುದಿ ಒಂದು ವೈರನ್ನು ಎಳೆಯುತ್ತಿತ್ತು. ಅದು ಡೀಸೆಲ್ ಪಂಪಿಗೆ ಕರೆಂಟು ಕೊಡುವ ವೈರು. ಎಳೆದಾಗ ಅದರ ಜೋಡಣೆ ಒಂದು ಕೂದಲೆಳೆಯಷ್ಟು ಬಿಡುತ್ತಿತ್ತು, ಡೀಸೆಲ್ ನಿಲ್ಲುತ್ತಿತ್ತು, ಇಂಜಿನ್ ಸಾಯುತ್ತಿತ್ತು. ಕಾಲು ತೆಗೆದರೆ ವೈರು ಸ್ವಸ್ಥಾನಕ್ಕೆ ಬಂದು ಸಾಧುವಾಗಿ ಕೂತಿರುತ್ತಿತ್ತು.

ಆ ವೈರಿನ ಜಾಗ ಅದಲ್ಲ. ಆಚೆ ಬದಿಯಲ್ಲಿ ಅದಕ್ಕೆಂದೇ ಒಂದು ಕ್ಲಿಪ್ ಇದೆ. ಅಲ್ಲಿಗೆ ಕೈ ಹೋಗಬೇಕಾದರೆ ಚಕ್ರದ ಪಕ್ಕ ಎಡ ಮೊಣಕಾಲು ಪೂರ್ತಿ ಮಡಚಿ ಕುಕ್ಕರಿಸಬೇಕು. ಗೇರ್‌ಬಾಕ್ಸ್ ಕೂರಿಸಿದ ದಿನ ಅವನು ಕುಕ್ಕರಿಸಲು ಹೋಗಿ, ಆಗದೆ, ಇರಲಿ ಬಿಡು ಎಂದು ಆ ವೈರನ್ನು ಈಚೆ ಬದಿಯಲ್ಲೇ ಒಂದು ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿದ್ದ. ಬಹಳ ಅಂದವಾಗಿ ಕಟ್ಟಿದ್ದ. ಕಟ್ಟುವುದರಲ್ಲಿ ಅವನದು ಎತ್ತಿದ ಕೈ.

ಮೇಸ್ತ್ರಿ ಕೆಳಗೆ ಮಲಗಿಕೊಂಡೇ ಇದ್ದ. ಜೇಬಿನಲ್ಲಿ ಕಟ್ಟರ್ ಇತ್ತು. ಪಟ್ಟಿ ಕತ್ತರಿಸಿ ವೈರನ್ನು ನಾಲ್ಕು ಬೆರಳು ಮೇಲಕ್ಕೆ ಕಟ್ಟಿದರೆ ಕೆಲಸ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ನಾಳೆ ಮೀಸೆಯವನು ಲಾರಿ ಒಯ್ಯುತ್ತಾನೆ, ಅದು ಎಲ್ಲೂ ನಿಲ್ಲುವುದಿಲ್ಲ. ಆಗ ಮ್ಯಾನೇಜರ್ ಏನೆನ್ನುತ್ತಾರೆ? ನೋಡಿದಿರಾ, ಕಾಲೇ ಅನ್ನುತ್ತಾರೆ. ಪುಟ್ಟಿಯ ಹನ್ನೊಂದು ವರ್ಷ ಒಂದೇ ದಿನದಲ್ಲಿ ಮಣ್ಣುಪಾಲು. ಅದೂ ಅಣ್ಣನ ಬಾಯಿಂದ ಬಿದ್ದ ಮಾತಿನಿಂದ. ಮೇಸ್ತ್ರಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಕಟ್ಟರನ್ನು ಜೇಬಿಗೆ ಹಾಕಿ, ತೆವಳಿ ಹೊರಬಂದ. ಕಣ್ಣಿಗೆ ಕಂಡ ತೊಂದರೆಯನ್ನು ಹಾಗೇ ಬಿಟ್ಟು ಅವನು ಗ್ಯಾರೇಜಿನ ಬಾಗಿಲು ಹಾಕಿದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು.

ಬೆಳಿಗ್ಗೆ ಎಂಟಕ್ಕೆ ಮ್ಯಾನೇಜರ್ ಮೀಸೆಯವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದರು. ಅವರಿಗಿಂತ ಮೊದಲೇ ಪುಟ್ಟಿ ಬಂದಿದ್ದಳು. ಕೈಯಲ್ಲಿ ಆ ನೋಟ್‌ಬುಕ್ಕು.

"ಮೂರನೇ ಹಂಪು ಎಡಗಡೆ ಸ್ವಲ್ಪ ಕಮ್ಮಿ ಇದೆ," ಎಂದು ಮೀಸೆಯವನಿಗೆ ಪುಟ ತೋರಿಸುತ್ತಿದ್ದಳು. "ಅಲ್ಲಿಂದಾನೇ ಹತ್ಸು. ನೀರಿನ ಟ್ಯಾಂಕ್ ಹತ್ರ ವೈರು ಕೆಳಗಿದೆ, ಇಳಿದು ನೋಡು. ನಿನ್ನ ಮೀಸೆ ಅಲ್ಲ, ವೈರು."

ಮೇಸ್ತ್ರಿ ನೇರ ಮ್ಯಾನೇಜರ್ ಹತ್ತಿರ ಹೋದ. "ಸಾರ್, ನಿಮಗೆ ಗಾಡಿ ಓಡಿಸೋಕೆ ಬರತ್ತಲ್ಲ? ಒಂದು ನಿಮಿಷ ಹತ್ತಿ."

"ನಾನಾ? ಲಾರೀನಾ?"

"ಓಡಿಸ್ಬೇಡಿ. ಸ್ಟಾರ್ಟ್ ಮಾಡಿ, ಕ್ಲಚ್ ಒತ್ತಿ, ಸಾಕು."

ಮ್ಯಾನೇಜರ್ ಪ್ಯಾಂಟಿನ ಇಸ್ತ್ರಿ ಕೆಡದಂತೆ ಜೋಪಾನವಾಗಿ ಹತ್ತಿ ಕುಳಿತರು. ಇಂಜಿನ್ ಸ್ಟಾರ್ಟ್ ಆಯಿತು. ಕ್ಲಚ್ ಒತ್ತಿದರು. ಲಾರಿ ಮೈ ಕೊಡವಿ ಆಫ್ ಆಯಿತು. ಮ್ಯಾನೇಜರ್ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಎರಡೂ ಕೈ ಮೇಲೆತ್ತಿದರು.

"ನಾನೇನೂ ಮಾಡ್ಲಿಲ್ಲಪ್ಪ."

"ಅವಳೂ ಏನೂ ಮಾಡಿರ್ಲಿಲ್ಲ ಸಾರ್," ಎಂದ ಮೇಸ್ತ್ರಿ. "ಇನ್ನೊಂದ್ಸಲ ಸ್ಟಾರ್ಟ್ ಮಾಡಿ. ಈಗ ಮುಕ್ಕಾಲು ಮಾತ್ರ ಒತ್ತಿ. ಆಫ್ ಆಯ್ತಾ? ಇಲ್ಲ. ಈಗ ನೆಲಕ್ಕೆ ಒತ್ತಿ."

ಲಾರಿ ಆಫ್ ಆಯಿತು. ಮೀಸೆಯವನು ತಾನೂ ಹತ್ತಿ ಒತ್ತಿ ನೋಡಿದ, ಅವನಿಗೂ ಆಫ್ ಆಯಿತು. ಅವನಿಗೆ ಅದು ಎಷ್ಟು ಇಷ್ಟವಾಯಿತೆಂದರೆ ನಾಲ್ಕು ಸಲ ಮಾಡಿದ.

ಮ್ಯಾನೇಜರ್ ಕೆಳಗಿಳಿದು ಹುಬ್ಬು ಗಂಟಿಕ್ಕಿದರು. "ಒಪ್ದೆ. ಆದ್ರೆ ನಿನ್ನೆ ನಿಮಗ್ಯಾಕೆ ಆಫ್ ಆಗ್ಲಿಲ್ಲ ಮೇಸ್ತ್ರಿ?"

ಇದೇ ಪ್ರಶ್ನೆ. ರಾತ್ರಿಯೆಲ್ಲ ಇದಕ್ಕೆ ಉತ್ತರ ಜೋಡಿಸಿಟ್ಟುಕೊಂಡಿದ್ದ. ಕೌಂಟರಿನ ಹಿಂದಿನಿಂದ ಹೆಂಡತಿ ನೋಡುತ್ತಿದ್ದಳು.

"ನನ್ನ ಕಾಲು ನೆಲ ಮುಟ್ಟಲ್ಲ ಸಾರ್," ಎಂದ. "ಎಡ ಮೊಣಕಾಲು ಹೋಗಿದೆ. ಒಂದು ವರ್ಷ ಆಯ್ತು. ನಾನು ಒತ್ತೋದೇ ಮುಕ್ಕಾಲು. ವೈರು ತಪ್ಪು ಕಡೆ ಕಟ್ಟಿದ್ದೂ ನಾನೇ, ಆ ಕಡೆ ಕೂರೋಕೆ ಆಗದೆ. ಗಾಡಿ ಕೆಟ್ಟಿದ್ದು ನನ್ನ ಕಾಲಿಂದ, ಗಾಡಿ ಸರಿ ಇದೆ ಅಂತ ನಿಮಗೆ ಅನ್ಸಿದ್ದೂ ನನ್ನ ಕಾಲಿಂದ. ಇವಳ ಕಾಲಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ."

ಮೊದಲು ಬಾಯಿಬಿಟ್ಟವಳು ಹೆಂಡತಿ.

"ಸೊಂಟ ಅಂದ್ರಲ್ಲ ರೀ? ಒಂದು ವರ್ಷ ಸೊಂಟಕ್ಕೆ ಎಣ್ಣೆ ತಿಕ್ಕಿಸ್ಕೊಂಡ್ರಲ್ಲ?"

"ಸೊಂಟಕ್ಕೆ ಹಾಯಾಗಿತ್ತು," ಎಂದ ಮೇಸ್ತ್ರಿ. ಮ್ಯಾನೇಜರ್ ನಕ್ಕುಬಿಟ್ಟರು. ಅವರು ನಗುವುದನ್ನು ಮೀಸೆಯವನು ಅದೇ ಮೊದಲು ನೋಡಿದ್ದಂತೆ.

ಪುಟ್ಟಿ ಮಾತ್ರ ನಗಲಿಲ್ಲ. ನೋಟ್‌ಬುಕ್ಕನ್ನು ಸೊಂಟಕ್ಕೆ ಸಿಕ್ಕಿಸಿ, ಅಣ್ಣನ ಜೇಬಿನಿಂದ ಕಟ್ಟರ್ ತೆಗೆದುಕೊಂಡು, ಚಕ್ರದ ಪಕ್ಕ ಕುಕ್ಕರಿಸಿದಳು. ಪಟ್ಟಿ ಕತ್ತರಿಸಿ, ಅವನು ಹೇಳಿದಂತೆ ವೈರನ್ನು ಆಚೆಯಿಂದ ತಂದು, ಅದರ ಕ್ಲಿಪ್ಪಿಗೆ ಕೂರಿಸಿ ಎದ್ದಳು. ಆಮೇಲೆ ಲಾರಿ ಹತ್ತಿ ರಸ್ತೆಯ ಕೊನೆಯವರೆಗೆ ಹೋಗಿಬಂದಳು. ದಾರಿಯಲ್ಲಿ ಆರು ಕಡೆ ನಿಲ್ಲಿಸಿದಳು. ಅದರಲ್ಲಿ ಎರಡು ಟೀ ಅಂಗಡಿಯ ಮುಂದೆಯೇ, ಬೇಕೆಂದೇ. ಇಂಜಿನ್ ಗುಡುಗುಡು ಎನ್ನುತ್ತಲೇ ಇತ್ತು.

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. "ಪುಟ್ಟಿಯವರೇ, ಹತ್ತು ಗಂಟೆಗೆ ಲೋಡಿಂಗ್. ನಿನ್ನೆ ನಾನು ಅಂದಿದ್ದು ತಪ್ಪಾಯ್ತು."

"ನೀವೇನು ಮಾಡ್ತೀರಿ ಸಾರ್, ಅಂದಿದ್ದು ನಮ್ಮಣ್ಣ," ಎಂದಳು ಅವಳು. ಆಮೇಲೆ ಆಚೆ ಕಡೆಯ ಬಾಗಿಲು ತಳ್ಳಿ ತೆರೆದಳು. "ಅಣ್ಣಾ, ಹತ್ತು. ಕಾರ್ಖಾನೆ ದಾರೀಲೇ ಆಸ್ಪತ್ರೆ ಇದೆ. ಲೋಡ್ ಹಾಕೋ ಮೊದ್ಲು ಇಳಿಸಿ ಹೋಗ್ತೀನಿ."

"ಗ್ಯಾರೇಜು?"

"ಗ್ಯಾರೇಜು ನಾನು ನೋಡ್ಕೋತೀನಿ, ನೀವು ಹತ್ತಿ," ಎಂದಳು ಹೆಂಡತಿ. ಆ ದನಿಗೆ ಎದುರು ಹೇಳುವ ಧೈರ್ಯ ಮೇಸ್ತ್ರಿಗೆ ಯಾವತ್ತೂ ಇರಲಿಲ್ಲ.

ಆಸ್ಪತ್ರೆಯ ಮುಂದೆ ಪುಟ್ಟಿ ಲಾರಿಯನ್ನು ರಸ್ತೆಯ ಅಂಚಿಗೆ ತಂದು, ನಿಂತದ್ದೇ ಗೊತ್ತಾಗದ ಹಾಗೆ ನಿಲ್ಲಿಸಿದಳು. ಮೇಸ್ತ್ರಿ ಬಾಗಿಲಿನ ಹಿಡಿ ಹಿಡಿದು ಕುಳಿತೇ ಇದ್ದ.

"ನಿನ್ನೆ ನಾನು ಹಾಗೆ ಅನ್ಬಾರ್ದಿತ್ತು ಕಣೇ," ಎಂದ.

"ಅನ್ಬಾರ್ದಿತ್ತು."

"ನೀನ್ಯಾಕೆ ಒಂದೂ ಮಾತಾಡ್ಲಿಲ್ಲ? ನಾನು ಓಡಿಸ್ದಾಗ ಯಾಕೆ ಆಫ್ ಆಗ್ಲಿಲ್ಲ ಅಂತ ನೀನಾದ್ರೂ ಕೇಳ್ಬೋದಿತ್ತು."

ಪುಟ್ಟಿ ಕನ್ನಡಿಯಲ್ಲಿ ಹಿಂದಿನ ಬಸ್ಸನ್ನು ನೋಡುತ್ತಿದ್ದಳು. "ಕೇಳೋದೇನಿತ್ತು? ಪಕ್ಕದಲ್ಲೇ ಕೂತಿದ್ನಲ್ಲ. ಮೊದಲನೇ ಸಲ ಕ್ಲಚ್ ಒತ್ದಾಗ್ಲೇ ಕಾಣಿಸ್ತು, ನಿನ್ನ ಕಾಲು ನೆಲಕ್ಕೆ ಹೋಗ್ಲಿಲ್ಲ. ಮುಖಾನೂ ನೋಡ್ದೆ."

ಮೇಸ್ತ್ರಿ ಅವಳ ಕಡೆ ತಿರುಗಿದ. "ಗೊತ್ತಿದ್ದೂ ಸುಮ್ನಿದ್ಯಾ? ಲೋಡ್ ಹೋಗ್ತಿತ್ತಲ್ಲೇ."

"ಇದೊಂದು ಲೋಡ್ ಹೋಗ್ತಿತ್ತು ಅಷ್ಟೆ. ಮ್ಯಾನೇಜರ್ ಮುಂದೆ ನಿನ್ನ ಕಾಲಿನ ವಿಷಯ ಹೇಳಿದ್ರೆ, ಆಮೇಲೆ ನಿನ್ನ ಕೈಗೆ ಇನ್ನೊಂದು ಲಾರಿ ಯಾರು ಕೊಡ್ತಿದ್ರು?"

ಹಿಂದಿನ ಬಸ್ಸಿನವನು ಹಾರ್ನ್ ಒತ್ತಿದ. ಪುಟ್ಟಿ ಕ್ಯಾರೇ ಅನ್ನಲಿಲ್ಲ. ಮೇಸ್ತ್ರಿ ಕಣ್ಣೊರೆಸಿಕೊಳ್ಳಲು ಹೋದ, ಕೈತುಂಬ ಗ್ರೀಸ್ ಇದ್ದದ್ದರಿಂದ ಮುಖವೆಲ್ಲ ಕಪ್ಪಾಯಿತು. ಅವಳು ಡ್ಯಾಶ್‌ಬೋರ್ಡಿನ ಮೇಲಿದ್ದ ಬಟ್ಟೆ ಎತ್ತಿ ಅವನ ಮಡಿಲಿಗೆ ಎಸೆದಳು.

"ಒರೆಸ್ಕೋ. ಡಾಕ್ಟ್ರು ಕಾಲು ಬಿಟ್ಟು ಮುಖ ನೋಡ್ತಾರೆ."

ಅವನು ಒರೆಸಿಕೊಂಡ. ಬಸ್ಸಿನವನು ಮತ್ತೆ ಹಾರ್ನ್ ಒತ್ತಿದ. ಒಂದು ವರ್ಷದಿಂದ ಮೇಸ್ತ್ರಿ ಎಲ್ಲಿ ಇಳಿಯುವುದಿದ್ದರೂ ಯಾರೂ ನೋಡದ ಗಳಿಗೆ ಕಾದು, ಹಲ್ಲು ಕಚ್ಚಿ, ಚಂಗನೆ ಇಳಿದಂತೆ ನಟಿಸುತ್ತಿದ್ದ. ಈಗ ಎರಡೂ ಕೈಯಿಂದ ಕಂಬಿ ಹಿಡಿದು, ಕೆಟ್ಟ ಕಾಲನ್ನು ಮೊದಲು ಇಳಿಬಿಟ್ಟು, ಬಸ್ಸಿನವರೆಲ್ಲ ನೋಡುತ್ತಿರುವಾಗಲೇ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡು ಇಳಿದ.